ತುಂಬೆ ಹೂವಿನ ಕ್ಲೋಸಪ್: ಫೋಕಸ್ ಎಲ್ಲಿಗೆ ಹೋಗ್ತಿದೆ?

ಗದ್ದೆಬದು
ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಮನೆ ಹಿಂದಿನ ಗದ್ದೆ ಬದುವಿನ ಮೇಲೆ ತುಂಬೆ ಗಿಡ ಮೈತುಂಬಾ ಹೂ ಬಿಟ್ಟಿದೆ. ಕಾರ್ತಿಕ ಸೋಮವಾರದ ಪೂಜೆಗೆ ಅಂತ ಅಮ್ಮ ಬುಟ್ಟಿ ಹಿಡಿದು ಬರೋದರೊಳಗೆ ಒಂದಾದರೂ ಒಳ್ಳೆ ಫೋಟೋ ತೆಗೀಬೇಕು ಅಂತ ಮೂರು ವಾರದಿಂದ ಹೆಣಗ್ತಿದೀನಿ. ಆಗ್ತಿಲ್ಲ.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಕ್ಯಾನನ್ 700ಡಿ, 50 ಎಂಎಂ ಎಫ್1.8 ಎಸ್‌ಟಿಎಂ ಲೆನ್ಸ್. ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯೋ ಮ್ಯಾಕ್ರೊ ಲೆನ್ಸ್ ತಗೊಳ್ಳೋಣ ಅಂದ್ರೆ ಅಡಿಕೆ ದುಡ್ಡು ಮನೆ ಹೆಂಚಿಗೆ ಹೋಯ್ತು. ಹಾಗಾಗಿ ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕೋ, ಮೂರು ಬಳೆ ಇರೋ ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್ ತರಿಸಿದೆ, ತೀರಾ ಅಗ್ಗದ್ದು. ಹೂ ದೊಡ್ಡದಾಗಿ ಕಾಣುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೂರು ಫೋಟೋದಲ್ಲಿ ಒಂದೂ ಪೂರ್ತಿ ಶಾರ್ಪ್ ಇಲ್ಲ. ಎಸಳಿನ ತುದಿ ಸಿಕ್ಕರೆ ಬುಡ ಹೋಯ್ತು, ಬುಡ ಸಿಕ್ಕರೆ ಪಕ್ಕದ ಹೂವೆಲ್ಲ ಹತ್ತಿ ಉಂಡೆ. ಎಫ್ ನಂಬರ್ ದೊಡ್ಡದಾದಷ್ಟೂ ಲೆನ್ಸಿನ ತೂತು (ಅಪರ್ಚರ್) ಚಿಕ್ಕದು, ಶಾರ್ಪ್ ಭಾಗ ಜಾಸ್ತಿ ಅಂತಾರಲ್ಲ, ಎಫ್11 ಇಟ್ಟುಕೊಂಡೇ ತೆಗೆದಿದ್ದೀನಿ, ಅಷ್ಟು ಸಾಲಲ್ವಾ?

ಇನ್ನೊಂದು ವಿಚಿತ್ರ. ಟ್ಯೂಬ್ ಹಾಕಿದ ಮೇಲೆ ಫೋಕಸ್ ರಿಂಗ್ ಎಷ್ಟು ತಿರುಗಿಸಿದರೂ ಏನೂ ಬದಲಾಗಲ್ಲ. ಲೆನ್ಸ್ ಕೆಟ್ಟಿದೆಯಾ?

ಮೊಬೈಲ್ ಮಲ್ಲಿಗೆ
ಭಾನುವಾರ, ರಾತ್ರಿ 9:30

ತುಂಬೆ ಹೂ ಕಿತ್ತು ಹಿಂದಿನಿಂದ ಜೇನು ಹೀರ್ತಿದ್ದದ್ದು ನೆನಪಾಯ್ತು 😊 ಫೋಕಸ್ ವಿಷಯ ಗೊತ್ತಿಲ್ಲ, ನಾನು ಫೋನಿನವಳು. ಉತ್ತರ ಓದೋಕೆ ಕೂತಿದೀನಿ.

ಟೆರೇಸ್ ತೋಟ
ಭಾನುವಾರ, ರಾತ್ರಿ 9:41

ಸಿಂಪಲ್. ಎಫ್11 ಸಾಲಲ್ಲ, ಎಫ್22ಕ್ಕೆ ಹೋಗಿ. ಟ್ರೈಪಾಡ್ ಹಾಕಿ. ಮುಗೀತು. ನಮ್ಮ ಟೆರೇಸಿನ ದಾಸವಾಳ ನಾನು ತೆಗೆಯೋದೇ ಹಾಗೆ.

ರೀಲ್ ಕಾಲದವ
ಭಾನುವಾರ, ರಾತ್ರಿ 10:05

ಗದ್ದೆಬದು ಅವರೇ, ಲೆನ್ಸ್ ಕೆಟ್ಟಿಲ್ಲ. ನೀವು ವಿಚಿತ್ರ ಅಂದದ್ದರಲ್ಲೇ ಉತ್ತರ ಇದೆ. ಎರಡು ಸಂಗತಿ ನೋಡಿ ಹೇಳಿ. ಆ ಬಳೆಗಳ ಒಳಗೆ ಚಿನ್ನದ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳ ಸಾಲು ಇದೆಯಾ? ಟ್ಯೂಬ್ ಹಾಕಿದಾಗ ಕ್ಯಾಮೆರಾ ಪರದೆಯಲ್ಲಿ ಎಫ್ ನಂಬರ್ ಇರಬೇಕಾದ ಜಾಗದಲ್ಲಿ ಏನು ತೋರಿಸುತ್ತೆ?

ಗದ್ದೆಬದು
ಭಾನುವಾರ, ರಾತ್ರಿ 10:18

ಚುಕ್ಕೆ ಇಲ್ಲ ಸರ್, ಒಳಗೆ ಬರೀ ಕಪ್ಪು. ಪರದೆಯಲ್ಲಿ 00 ಅಂತ ಬರುತ್ತೆ. ಏನೋ ಬ್ಯಾಟರಿ ತಕರಾರು ಅಂದುಕೊಂಡು ಬಿಟ್ಟಿದ್ದೆ. ಎಫ್11 ಮಾತ್ರ ಟ್ಯೂಬ್ ಹಾಕೋಕೆ ಮುಂಚೆಯೇ ಸೆಟ್ ಮಾಡಿದ್ದೆ, ಆಣೆ.

ರೀಲ್ ಕಾಲದವ
ಭಾನುವಾರ, ರಾತ್ರಿ 10:52

ನಿಮ್ಮ ಆಣೆ ನಿಜ, ಎಫ್11 ಮಾತ್ರ ಸುಳ್ಳು! ಕೂತು ಓದಿ, ಸ್ವಲ್ಪ ಉದ್ದ ಇದೆ.

ನಮ್ಮ ಕಾಲದ ಲೆನ್ಸಿನಲ್ಲಿ ಅಪರ್ಚರ್‌ಗೆ ಅಂತಲೇ ಒಂದು ಉಂಗುರ ಇರುತ್ತಿತ್ತು, ಕೈಯಲ್ಲಿ ತಿರುಗಿಸಿದರೆ ಒಳಗಿನ ತೂತು ಚಿಕ್ಕದಾಗುತ್ತಿತ್ತು. ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಆ ಉಂಗುರ ಇಲ್ಲ. ತೂತು ಚಿಕ್ಕದು ಮಾಡು ಅಂತ ಕ್ಯಾಮೆರಾ ಕರೆಂಟಿನಲ್ಲಿ ಹೇಳಬೇಕು. ಆ ಮಾತು ಹೋಗೋದು ಚಿನ್ನದ ಬಣ್ಣದ ಚುಕ್ಕೆಗಳ ಮೂಲಕ. ನಿಮ್ಮ ಬಳೆಯಲ್ಲಿ ಚುಕ್ಕೆ ಇಲ್ಲ, ಕ್ಯಾಮೆರಾ ಹೇಳಿದ್ದು ಲೆನ್ಸಿಗೆ ಕೇಳಿಸಲ್ಲ. 00 ಅಂದರೆ ‘ಲೆನ್ಸೇ ಕಾಣ್ತಿಲ್ಲ’ ಅಂತ ಅರ್ಥ. ನೀವು ಮೊದಲೇ ಸೆಟ್ ಮಾಡಿದ 11 ಬರೀ ಕ್ಯಾಮೆರಾದ ನೆನಪಿನಲ್ಲಿತ್ತು. ಲೆನ್ಸ್ ಕ್ಲಿಕ್ಕಿಸುವ ಗಳಿಗೆಯಲ್ಲಿ ಮಾತ್ರ ತೂತು ಕಿರಿದು ಮಾಡಿ ಮತ್ತೆ ಪೂರ್ತಿ ತೆರೆದುಕೊಳ್ಳುತ್ತದೆ. ಅಂದರೆ ಇನ್ನೂರು ಫೋಟೋವನ್ನೂ ನೀವು ತೆಗೆದದ್ದು ಎಫ್1.8ರಲ್ಲಿ.

ರಿಂಗಿನ ಕತೆಯೂ ಇದೇ. ಎಸ್‌ಟಿಎಂ ಲೆನ್ಸಿನ ಫೋಕಸ್ ರಿಂಗ್ ಗಾಜನ್ನು ನೇರವಾಗಿ ತಳ್ಳುವುದಿಲ್ಲ, ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೇ. ಕರೆಂಟ್ ಇಲ್ಲದೆ ಮೋಟಾರು ಓಡಲ್ಲ.

ಈಗ ಲೆಕ್ಕ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗುತ್ತೆ ಅನ್ನೋದು ಸಿಗುತ್ತದೆ. ಸುಮಾರು 25 ಎಂಎಂ ಟ್ಯೂಬ್ ಹಾಕಿದರೆ 25/50, ಅಂದರೆ ವಸ್ತುವಿನ ಅರ್ಧ ಅಳತೆಯ ಬಿಂಬ ಸೆನ್ಸರ್ (ಫೋಟೋ ಮೂಡುವ ಚಿಪ್) ಮೇಲೆ ಬೀಳುತ್ತದೆ. ಅಷ್ಟು ಹತ್ತಿರದಲ್ಲಿ ಎಫ್1.8 ಇಟ್ಟರೆ ಶಾರ್ಪ್ ಆಗಿ ಕಾಣುವ ಪದರದ ದಪ್ಪ 0.4 ಎಂಎಂ. ಒಂದು ವಿಸಿಟಿಂಗ್ ಕಾರ್ಡ್ ಇದೆಯಲ್ಲ, ಅಷ್ಟು! ತುಂಬೆ ಹೂವಿನ ಉದ್ದವೇ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಆ ಕಾರ್ಡನ್ನು ಹೂವಿನೊಳಗೆ ಎಲ್ಲಿ ತೂರಿಸಿದರೂ ಉಳಿದದ್ದೆಲ್ಲ ಹತ್ತಿಯೇ. ನಿಜವಾಗಿ ಎಫ್11 ಸಿಕ್ಕರೆ ಅದೇ ಪದರ ಎರಡೂವರೆ ಎಂಎಂ ಆಗುತ್ತದೆ. ಆರು ಪಟ್ಟು.

ಚುಕ್ಕೆ ಇರುವ ಟ್ಯೂಬ್ ಬೇರೆ ಸಿಗುತ್ತೆ, ಬೆಲೆ ಜಾಸ್ತಿ. ಅಲ್ಲಿಯವರೆಗೆ ಒಂದು ಉಪಾಯ ಮಾಡಿ. ಟ್ಯೂಬ್ ಇಲ್ಲದೆ ಲೆನ್ಸನ್ನು ನೇರ ಕ್ಯಾಮೆರಾಗೆ ಹಾಕಿ ಆನ್ ಮಾಡಿ. ಎವಿ ಮೋಡ್ (ಎಫ್ ನಂಬರ್ ನಾವೇ ಆರಿಸೋದು), ಎಫ್11. ಲೆನ್ಸಿನ ಬುಡದ ಹತ್ತಿರ, ಲೆನ್ಸ್ ಬಿಡಿಸುವ ಗುಂಡಿಯ ಕೆಳಗೆ ಇನ್ನೊಂದು ಸಣ್ಣ ಗುಂಡಿ ಇದೆ, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂದು, ಅಂದರೆ ಶಾರ್ಪ್ ಪದರ ಎಷ್ಟು ಅಂತ ಮೊದಲೇ ನೋಡೋದಕ್ಕೆ. ಅದನ್ನು ಒತ್ತಿ, ಒತ್ತಿದ ಬೆರಳು ತೆಗೆಯದೇ ಲೆನ್ಸ್ ಬಿಚ್ಚಿ. ಮುಂದಿನಿಂದ ಇಣುಕಿದರೆ ತೂತು ಚಿಕ್ಕದಾಗಿಯೇ ನಿಂತಿರುತ್ತೆ. ಈಗ ಟ್ಯೂಬಿಗೆ ಸೇರಿಸಿ. ಪರದೆಯಲ್ಲಿ 00 ಹಾಗೇ ಇರುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ವ್ಯೂಫೈಂಡರ್ ಕತ್ತಲೆ ಕೋಣೆ ಆಗುತ್ತದೆ. ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡೋದು) ಹಾಕಿ, 10 ಪಟ್ಟು ಹಿಗ್ಗಿಸಿ ನೋಡಿ. ಫೋಕಸ್ ಮಾಡುವುದು ರಿಂಗಿನಲ್ಲಲ್ಲ, ನಿಮ್ಮ ಮೈಯಲ್ಲಿ. ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು.

ಗದ್ದೆಬದು
ಭಾನುವಾರ, ರಾತ್ರಿ 11:10

ಅಯ್ಯೋ ರಾಮ. ಮೂರು ವಾರ! ನಾಳೆ ಬೆಳಿಗ್ಗೆಯೇ ಮಾಡ್ತೀನಿ ಸರ್.

ಟೆರೇಸ್ ತೋಟ
ಸೋಮವಾರ, ಬೆಳಿಗ್ಗೆ 8:20

ಬಳೆ ವಿಷಯ ನನಗೂ ಹೊಸದು, ಒಪ್ಪಿದೆ. ಆದರೆ ಆ ಉಪಾಯ ಮಾಡೋದೇ ಆದರೆ ಎಫ್22 ಇಟ್ಟೇ ಬಿಚ್ಚಬಹುದಲ್ಲ? ಎರಡೂವರೆ ಎಂಎಂ ಬದಲು ಐದು ಸಿಗುತ್ತೆ. ಯಾಕೆ ಬಿಡಬೇಕು?

ರೀಲ್ ಕಾಲದವ
ಸೋಮವಾರ, ಬೆಳಿಗ್ಗೆ 9:02

ಸಿಗುತ್ತೆ, ಆದರೆ ಆ ಐದು ಎಂಎಂನಲ್ಲಿ ಎಲ್ಲೂ ಪೂರ್ತಿ ಚೂಪು ಇರಲ್ಲ. ತೂತು ತೀರಾ ಕಿರಿದಾದರೆ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡುತ್ತದೆ, ಇಡೀ ಚಿತ್ರದ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ. ಡಿಫ್ರಾಕ್ಷನ್ ಅನ್ನೋದು ಇದನ್ನೇ. ದೂರದ ಬೆಟ್ಟ ತೆಗೆಯುವಾಗಿನ ಎಫ್22 ಬೇರೆ, ಹೂವಿನ ಎದುರಿನ ಎಫ್22 ಬೇರೆ. ಟ್ಯೂಬ್ ಹಾಕಿ ಲೆನ್ಸನ್ನು ಸೆನ್ಸರಿನಿಂದ ದೂರ ಮಾಡಿದ್ದೀರಲ್ಲ, ಆ ನಂಬರನ್ನು ಒಂದಕ್ಕೆ ಹಿಗ್ಗಿದ ಅಳತೆ ಕೂಡಿಸಿ ಗುಣಿಸಬೇಕು. ಅರ್ಧ ಅಳತೆ ಅಂದರೆ ಒಂದೂವರೆ. ನಿಮ್ಮ 22 ಅಲ್ಲಿ 33ರ ಹಾಗೆ ನಡೆದುಕೊಳ್ಳುತ್ತೆ. 11 ಇಟ್ಟರೆ ಹದಿನಾರೂವರೆ, ಅದು ತಡೆದುಕೊಳ್ಳಬಹುದಾದದ್ದು. ಈ ಸೆನ್ಸರಿಗೆ ನಾನು 8ರಿಂದ 11 ದಾಟಲ್ಲ.

ನಂಬಬೇಡಿ, ಒಂದೇ ದಾಸವಾಳವನ್ನು 8, 11, 16, 22ರಲ್ಲಿ ತೆಗೆದು ಪರಾಗದ ಕಾಳನ್ನು ಹಿಗ್ಗಿಸಿ ನೋಡಿ.

ಧಾರವಾಡ ಪೇಡೆ
ಸೋಮವಾರ, ಮಧ್ಯಾಹ್ನ 1:15

ಲೆಕ್ಕ ಎಲ್ಲಾ ಖರೆ ಐತ್ರಿ ಸರ. ಆದ್ರ ಗಾಳಿ ಬಂತಂದ್ರ ಏನ್ ಮಾಡ್ತೀರಿ? ನಮ್ಮ ಕಡೆ ಎರಿ ಹೊಲದಾಗ ಗಾಳಿ ನಿಂತ ದಿನಾನ ಇಲ್ಲ. ಎರಡೂವರಿ ಎಂಎಂ ಪದರ ಅಂತೀರಿ, ಹೂವು ಅಲ್ಲಿ ಎರಡು ಇಂಚು ಓಲಾಡತೈತಿ!

ಕುಸುಬಿ ಹೂವಿನ ಹಿಂದ ಬಿದ್ದು ನಾ ಕಲ್ತದ್ದು ಹೇಳ್ತೀನಿ. ಒಂದು, ಹೊತ್ತು ಹುಟ್ಟೂಮುಂದ ಹೋಗಬೇಕು. ಬಿಸಲು ಏರಿ ನೆಲ ಕಾದ ಮ್ಯಾಲ ಗಾಳಿ ಬಿಡತೈತಿ, ಎಂಟು ಗಂಟೆಕ ನನ್ನ ಅಂಗಡಿ ಬಂದ್. ಎರಡು, ಗಿಡದ ಬಾಜೂಕ ಒಂದು ಕಡ್ಡಿ ಊರಿ, ಬಟ್ಟಿ ಒಣಗಸೂ ಕ್ಲಿಪ್ಪಿನಿಂದ ದೇಟು ಹಿಡಿಸಿಬಿಡ್ರಿ, ಫ್ರೇಮಿನ ಕೆಳಗ. ಕುಸುಬಿಗೆ ಮುಳ್ಳು ಅದಾವ, ಕೈ ಜ್ವಾಕಿ. ಮೂರು, ಗಾಳಿ ಬರೂ ಕಡೆ ಛತ್ರಿ ಬಿಚ್ಚಿ ಇಡ್ರಿ. ನಮ್ಮ ಮನಿಯಾಕಿ ಎಳ್ಳಮಾಸಿ ದಿನ ಚರಗ ಚೆಲ್ಲಾಕ ಬಂದಾಕಿ ಅರ್ಧಾ ತಾಸು ಛತ್ರಿ ಹಿಡದು ನಿಂತಿದ್ಲು. ಆಮ್ಯಾಲಿಂದ ನನ್ನ ಕೂಡ ಹೊಲಕ್ಕ ಬರೂದ ಬಿಟ್ಟಾಳ.

ಶಟರ್ ವೇಗ ಸೆಕೆಂಡಿನ 1/320ಕ್ಕಿಂತ ಕೆಳಗ ಇಳಸಬ್ಯಾಡ್ರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸೂ ಅಳತಿ) 1600 ಆದ್ರ ಆಗಲಿ. ಕಾಳುಕಾಳು ಕಂಡ್ರ ಕಂಪ್ಯೂಟರಿನಾಗ ತಿಕ್ಕಬಹುದು. ಹೂ ಅಲಗಾಡಿದ್ದನ್ನ ತಿಕ್ಕಾಕ ಆಗಂಗಿಲ್ಲ.

ಕಡಲತಡಿ
ಸೋಮವಾರ, ಸಂಜೆ 6:40

ಕ್ಲಿಪ್ ಸರಿ ಮಾರಾಯ್ರೆ, ಆದ್ರೆ ಎಲ್ಲ ಗಿಡಕ್ಕೂ ಹಾಕುವುದಲ್ಲ. ತುಂಬೆಯ ದಂಟು ಎಳತು, ಗಟ್ಟಿ ಕ್ಲಿಪ್ ಕಚ್ಚಿದರೆ ಅಲ್ಲೇ ಮುರಿಯುತ್ತದೆ. ಸುತ್ತ ಹತ್ತಿಯೋ ಬಾಳೆನಾರೋ ಸುತ್ತಿ ಆಮೇಲೆ ಹಿಡಿಸಿ. ನಮ್ಮಲ್ಲಿ ಸೀತಾಳೆ ದಂಡೆ ಹೂ ಬಿಟ್ಟಾಗ ಕೆಲವರು ಕೊಂಬೆಯನ್ನೇ ಬಗ್ಗಿಸಿ ಕಟ್ಟುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಫೋಟೋ ಮುಗಿದ ಮೇಲೂ ಗಿಡ ಅಲ್ಲೇ ಇರಬೇಕಲ್ಲ.

ಇನ್ನೊಂದು. ಇಷ್ಟು ಹೊತ್ತು ಎಲ್ಲರೂ ಪದರದ ದಪ್ಪದ ಬಗ್ಗೆಯೇ ಮಾತಾಡಿದ್ದೀರಿ. ಆ ಪದರ ಯಾವ ಕಡೆ ವಾಲಿದೆ ಅಂತ ಯಾರೂ ಹೇಳಲಿಲ್ಲ. ಅದು ಕ್ಯಾಮೆರಾದ ಬೆನ್ನಿಗೆ ಸಮಾನಾಂತರ, ಒಂದು ಗಾಜಿನ ಹಲಗೆ ಗಾಳಿಯಲ್ಲಿ ನಿಂತ ಹಾಗೆ. ಹೂವಿನ ಯಾವ ಭಾಗ ಬೇಕೋ ಅದನ್ನು ಆ ಹಲಗೆಯ ಮೇಲೆ ಮಲಗಿಸುವುದು ನಿಮ್ಮ ಕೆಲಸ. ಶಂಖಪುಷ್ಪ ಚಪ್ಪಟೆ, ಎದುರಿನಿಂದ ನೇರ ತೆಗೆದರೆ ಎಫ್5.6ರಲ್ಲೂ ಪೂರ್ತಿ ಸಿಗುತ್ತದೆ. ದಾಸವಾಳವನ್ನು ಎದುರಿನಿಂದ ತೆಗೆದರೆ ಕೆಟ್ಟಿರಿ: ಕೇಸರದ ಕೋಲು ನಿಮ್ಮ ಮೂಗಿಗೆ ನೇರ ಬರುತ್ತದೆ. ಅದನ್ನು ಬದಿಯಿಂದ ತೆಗೆಯಿರಿ, ಬುಡದಿಂದ ತುದಿಯ ಐದು ಕೆಂಪು ಗುಂಡಿನವರೆಗೆ ಕೋಲು ಒಂದೇ ಹಲಗೆಯಲ್ಲಿ ಬಂದೀತು. ಎಸಳು ಮಸುಕಾದರೆ ಆಗಲಿ ಬಿಡಿ.

ತುಂಬೆಯದ್ದು ಹೂ ದಂಟಿನ ಸುತ್ತ ಚಕ್ರದ ಹಾಗೆ ಕೂತಿರುವುದು. ಎಲ್ಲ ಹೂವೂ ಬೇಕೆಂದರೆ ಆಗುವುದೇ ಇಲ್ಲ. ಅಕ್ಕಪಕ್ಕದ ಎರಡು ಮೂರು ಸಾಕೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ರೀಲ್ ಕಾಲದವ
ಸೋಮವಾರ, ಸಂಜೆ 7:15

ಕಡಲತಡಿ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಲೆಕ್ಕದ ಗುಂಗಿನಲ್ಲಿ ಬಿಟ್ಟುಹೋಯಿತು.

ತುಂಬೆಯಲ್ಲಿ ಗುರಿ ಇಡಲು ಒಂದು ಜಾಗ ಹೇಳ್ತೀನಿ. ಕೆಳತುಟಿ ಅಗಲ, ನಯ. ಅಲ್ಲಿ ಫೋಕಸ್ ಬಿತ್ತೋ ಇಲ್ಲವೋ ಗೊತ್ತೇ ಆಗಲ್ಲ. ಮೇಲ್ತುಟಿ ನೋಡಿ. ಟೋಪಿಯ ಹಾಗೆ ಬಾಗಿದೆ, ಮೇಲೆಲ್ಲ ಬಿಳಿ ಉಣ್ಣೆ ರೋಮ. ಲೈವ್ ವ್ಯೂ ಹಿಗ್ಗಿಸಿದಾಗ ಆ ರೋಮ ಒಂದೊಂದಾಗಿ ಬಿಡಿಬಿಡಿಯಾಗಿ ಎಣಿಸಲು ಬರುವಂತಿದ್ದರೆ ಫೋಕಸ್ ಸರಿ. ಇಲ್ಲದಿದ್ದರೆ ಮಂಜು.

ಗದ್ದೆಬದು
ಬುಧವಾರ, ಬೆಳಿಗ್ಗೆ 10:30

ವರದಿ ಒಪ್ಪಿಸ್ತಿದೀನಿ.

ಸೋಮವಾರ ಹೋಗಲಾಗಲಿಲ್ಲ, ಮಂಗಳವಾರ ಮೋಡ. ಇವತ್ತು ಆರೂಕಾಲಕ್ಕೆ ಬದುವಿನ ಮೇಲೆ ಗೊಬ್ಬರದ ಚೀಲ ಹಾಸಿ ಬೋರಲು ಬಿದ್ದೆ. ಗುಂಡಿ ಒತ್ತಿ ಲೆನ್ಸ್ ಬಿಚ್ಚುವ ಉಪಾಯ ಎರಡನೇ ಸಲಕ್ಕೆ ಸರಿಹೋಯ್ತು. ಮೊದಲ ಸಲ ಬೆರಳು ಜಾರಿತ್ತು. ತೂತು ಬಟಾಣಿಯಷ್ಟು ಚಿಕ್ಕದಾಗಿ ನಿಂತದ್ದು ನೋಡಿ ಚಿಕ್ಕ ಮಕ್ಕಳ ಹಾಗೆ ಖುಷಿಯಾಯ್ತು. ಟ್ರೈಪಾಡ್ ಅಷ್ಟು ಕೆಳಗೆ ಇಳಿಯಲ್ಲ, ಅದಕ್ಕೆ ಮೂರು ಸೇರು ಭತ್ತ ತುಂಬಿದ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಕೂರಿಸಿದೆ. ಲೆನ್ಸಿಗೂ ಹೂವಿಗೂ ನಡುವೆ ಒಂದು ಗೇಣೂ ಇಲ್ಲ. ಹುಲ್ಲಿನ ಇಬ್ಬನಿಗೆ ಅಂಗಿ ಪೂರ್ತಿ ಒದ್ದೆ.

ಉಸಿರು ಬಿಟ್ಟು, ಚೀಲದ ಮೇಲೆ ಕ್ಯಾಮೆರಾವನ್ನು ನಿಧಾನ ಮುಂದಕ್ಕೆ ದೂಡ್ತಾ ರೋಮ ಕಾಣುವ ಹೊತ್ತಿಗೆ ಸಾಲಾಗಿ ಐದಾರು ಕ್ಲಿಕ್ ಮಾಡ್ತಾ ಹೋದೆ. ಐದರಲ್ಲಿ ಒಂದಾದರೂ ಸಿಗ್ತಿದೆ!! ಪಕ್ಕದ ಹಸಿರು ಪುಷ್ಪಪಾತ್ರೆಯ ಹಲ್ಲು ಹಲ್ಲು ಅಂಚು ಕೂಡ ಕಾಣುತ್ತೆ.

ಆದರೆ ಹೊಸ ಸಮಸ್ಯೆ. ಹಸಿರು ಭಾಗ ಶಾರ್ಪ್, ರೋಮ ಅಲ್ಲಲ್ಲಿ ಶಾರ್ಪ್, ಕೆಳತುಟಿ ಮಾತ್ರ ಸುಣ್ಣ ಬಳಿದ ಗೋಡೆ. ಅದೇ ಹಲಗೆಯಲ್ಲೇ ಇದೆ, ಆದರೂ ಔಟ್ ಆಫ್ ಫೋಕಸ್ ಥರ ಕಾಣುತ್ತೆ. ಯಾಕೆ?

ಕಾಫಿತೋಟ
ಬುಧವಾರ, ಮಧ್ಯಾಹ್ನ 12:05

ಸಕಲೇಶಪುರದಿಂದ. ಇದು ಫೋಕಸ್ ಅಲ್ಲ, ಫೋಟೋಗೆ ಬಿದ್ದ ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಷರ್. ನನಗೆ ಇದು ಕಾಫಿ ಹೂ ಕಲಿಸಿದ ಪಾಠ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ, ಎರಡು ಮೂರು ದಿನದಲ್ಲಿ ಹೂ ಕಂದಿ ಮುಗಿದೇಹೋಗುತ್ತೆ. ತಪ್ಪಾದರೆ ತಿದ್ದಿಕೊಳ್ಳೋಕೆ ಮುಂದಿನ ವರ್ಷದವರೆಗೆ ಕಾಯಬೇಕು. ಎರಡು ವರ್ಷ ಲೆನ್ಸನ್ನು ಬೈದಿದ್ದೆ, ಪಾಪ.

ಕ್ಯಾಮೆರಾ ಫ್ರೇಮಿನ ಒಟ್ಟು ಬೆಳಕು ಅಳೆಯುತ್ತೆ. ನಿಮ್ಮ ಫ್ರೇಮಿನಲ್ಲಿ ಹೆಚ್ಚಿನ ಭಾಗ ಗಾಢ ಹಸಿರು, ನಡುವೆ ಒಂದಿಷ್ಟು ಬಿಳಿ. ‘ಕತ್ತಲೆ ಇದೆ’ ಅಂದುಕೊಂಡು ಕ್ಯಾಮೆರಾ ಬೆಳಕು ಏರಿಸುತ್ತೆ, ಬಿಳಿ ಹಾರಿಹೋಗುತ್ತೆ. ಎಸಳಿನ ಮೇಲಿನ ನರ, ಮಡಿಕೆ, ನೆರಳು ಎಲ್ಲಾ ಅಳಿಸಿದ ಮೇಲೆ ಕಣ್ಣಿಗೆ ಹಿಡಿದುಕೊಳ್ಳೋಕೆ ಗೆರೆಯೇ ಇರಲ್ಲ. ಗೆರೆ ಇಲ್ಲದ್ದನ್ನ ನಾವು ಫೋಕಸ್ ತಪ್ಪಿದೆ ಅಂತೀವಿ. ಎಕ್ಸ್‌ಪೋಷರ್ ಮೈನಸ್ 2/3, ಸಾಲದಿದ್ದರೆ ಮೈನಸ್ 1 ಇಡಿ. ಹಿಸ್ಟೋಗ್ರಾಂ (ಕತ್ತಲಿನಿಂದ ಬೆಳಕಿನವರೆಗಿನ ಹಂಚಿಕೆ ತೋರಿಸೋ ಗ್ರಾಫ್) ಬಲಗಡೆ ಗೋಡೆಗೆ ಡಿಕ್ಕಿ ಹೊಡೀಬಾರದು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಮೇಲೆ ಹಸಿರನ್ನು ಎತ್ತಿಕೊಳ್ಳಬಹುದು.

ಟೆರೇಸ್ ತೋಟದವರಿಗೆ ಒಂದು ಮಾತು: ಕೆಂಪು ದಾಸವಾಳದಲ್ಲೂ ಇದೇ ರೋಗ, ಆದರೆ ಗುಟ್ಟಾಗಿ. ಸಾಮಾನ್ಯ ಹಿಸ್ಟೋಗ್ರಾಂ ಚೆನ್ನಾಗಿಯೇ ಕಾಣುತ್ತೆ, ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿರುತ್ತೆ. ಮೂರು ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ನೋಡಿ.

ಟೆರೇಸ್ ತೋಟ
ಬುಧವಾರ, ಮಧ್ಯಾಹ್ನ 12:50

ಈಗಷ್ಟೇ ಹೋಗಿ ಹಳೇ ಫೈಲ್ ತೆಗೆದು ನೋಡಿದೆ. ಕೆಂಪು ಗೋಡೆಗೆ ಅಂಟಿಕೊಂಡಿದೆ. ಜೊತೆಗೆ 8-11-16-22 ಪರೀಕ್ಷೆಯನ್ನೂ ಮಾಡಿದೆ. ಹೇಳೋಕೆ ಇಷ್ಟ ಇಲ್ಲ, ಆದರೂ ಹೇಳ್ತೀನಿ: 22ರಲ್ಲಿ ಪರಾಗದ ಕಾಳು ಒಂದಕ್ಕೊಂದು ಅಂಟಿದ ಸಾಬೂದಾನಿ. 11ರಲ್ಲಿ ಬಿಡಿ ಬಿಡಿ.

ಆದರೆ ಟ್ರೈಪಾಡ್ ವಿಷಯದಲ್ಲಿ ಸೋಲಲ್ಲ. ರಾತ್ರಿ ಬ್ರಹ್ಮಕಮಲ ಅರಳುವಾಗ ನಿಮ್ಮ ಭತ್ತದ ಚೀಲ ನಡೆಯಲ್ಲ.

ಮೊಬೈಲ್ ಮಲ್ಲಿಗೆ
ಬುಧವಾರ, ಸಂಜೆ 5:25

ಫೋನಿನವರಿಗೂ ಏನಾದ್ರೂ ಹೇಳ್ರಪ್ಪಾ. ಹತ್ತಿರ ಹೋದಷ್ಟೂ ಮಸುಕು. ಮ್ಯಾಕ್ರೊ ಅಂತ ಒಂದು ಬಟನ್ ಇದೆ, ಒತ್ತಿದರೆ ಇನ್ನೂ ಕೆಟ್ಟದಾಗಿ ಬರುತ್ತೆ.

ಕಾಫಿತೋಟ
ಬುಧವಾರ, ಸಂಜೆ 6:10

ಕಡಿಮೆ ಬೆಲೆಯ ಫೋನುಗಳಲ್ಲಿ ಮ್ಯಾಕ್ರೊ ಅಂದರೆ ಬಹಳ ಸಲ 2 ಮೆಗಾಪಿಕ್ಸೆಲ್‌ನ ಬೇರೆಯೇ ಪುಟ್ಟ ಕ್ಯಾಮೆರಾ, ಅದಕ್ಕೆ ಆಟೋಫೋಕಸ್ಸೂ ಇರಲ್ಲ. ಮರೆತುಬಿಡಿ. ಮುಖ್ಯ ಕ್ಯಾಮೆರಾಗೆ ಒಂದು ಮಿತಿ ಇರುತ್ತೆ, ಅದಕ್ಕಿಂತ ಹತ್ತಿರ ಹೋದರೆ ಫೋಕಸ್ ಹಿಡಿಯೋದೇ ಇಲ್ಲ. ಅದಕ್ಕೇ ಹಿಂದೆ ಬನ್ನಿ! ಒಂದು ಗೇಣಿನಾಚೆ ನಿಂತು 2 ಪಟ್ಟು ಜೂಮ್ ಹಾಕಿ, ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಫೋನನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ತೆಗೆಯಿರಿ. ಲೆನ್ಸ್ ಒರೆಸಿಕೊಳ್ಳಿ ಮೊದಲು, ಅರ್ಧ ಮಸುಕು ಅಲ್ಲೇ ಹೋಗುತ್ತೆ.

ಮೊಬೈಲ್ ಮಲ್ಲಿಗೆ
ಬುಧವಾರ, ಸಂಜೆ 6:31

ಲೆನ್ಸ್ ಮೇಲೆ ತೆಂಗಿನೆಣ್ಣೆ ಇತ್ತು. ಇನ್ನೇನೂ ಕೇಳಲ್ಲ.

ಧಾರವಾಡ ಪೇಡೆ
ಬುಧವಾರ, ರಾತ್ರಿ 8:44

😂😂 ಅಕ್ಕಾರ, ಎಣ್ಣಿ ಹಚ್ಚಿದ್ರ ಸಾಫ್ಟ್ ಫೋಕಸ್ ಅಂತ ಹೇಳಿ ಮಾರಬಹುದಿತ್ತು.

ಗದ್ದೆಬದು ಅವರ, ಹೂವಿನ ಎಲ್ಲಾ ಪದರ ಶಾರ್ಪ್ ಬೇಕಂದ್ರ ಸ್ಟ್ಯಾಕಿಂಗ್ ಅಂತ ಐತಿ. ಸ್ವಲ್ಪ ಸ್ವಲ್ಪ ಫೋಕಸ್ ಸರಿಸಿ ಹತ್ತಿಪ್ಪತ್ತು ಫೋಟೋ ತೆಗದು ಫೋಟೋಶಾಪಿನಾಗೋ ಹೆಲಿಕಾನ್‌ನಾಗೋ (ಫೋಟೋ ಕೂಡಿಸೂ ಸಾಫ್ಟ್‌ವೇರ್) ಕೂಡಿಸೂದು. ಆದ್ರ ಹೊರಗ, ಗಾಳ್ಯಾಗ, ಭತ್ತದ ಚೀಲದ ಮ್ಯಾಲ ಇದು ಹೊಂದಂಗಿಲ್ಲ. ಒಂದು ಫೋಟೋದಾಗ ಹೂವು ಇಲ್ಲಿ, ಇನ್ನೊಂದ್ರಾಗ ಅಲ್ಲಿ. ಕೂಡಿಸಿದ್ರ ಒಂದ ಹೂವಿಗೆ ಎರಡು ನೆರಳು. ಮನಿಯೊಳಗ, ಕಿತ್ತ ಹೂವಿಗೆ ಮಾತ್ರ.

ಗದ್ದೆಬದು
ಶುಕ್ರವಾರ, ಬೆಳಿಗ್ಗೆ 9:48

ಸಿಕ್ಕಿತು!

ಎಫ್11, 1/320, ಐಎಸ್‌ಒ 1600, ಮೈನಸ್ 1. ಬೆಳಿಗ್ಗೆ 6:50. ಕ್ಲಿಪ್ ಹಾಕಲಿಲ್ಲ, ಗಾಳಿ ಇರಲಿಲ್ಲ. ಕಡಲತಡಿ ಹೇಳಿದ ಹಾಗೆ ಚಕ್ರದಲ್ಲಿ ಎದುರಿಗಿದ್ದ ಮೂರೇ ಹೂ ಆರಿಸಿಕೊಂಡೆ. ಮೂರರ ಮೇಲ್ತುಟಿಯೂ ಒಂದೇ ಹಲಗೆಗೆ ಬರೋ ಹಾಗೆ ಚೀಲವನ್ನು ಎಡಕ್ಕೆ ಬಲಕ್ಕೆ ತಿರುಗಿಸ್ತಾ ಹತ್ತು ನಿಮಿಷ ಹೋಯ್ತು. ರೋಮ ಎಣಿಸಬಹುದು ಸರ್. ನಿಜವಾಗಿ ಎಣಿಸೋಕೆ ಕೂತೆ, ನಲವತ್ತರ ನಂತರ ಲೆಕ್ಕ ತಪ್ಪಿತು. ಕೆಳತುಟಿಯ ಮೇಲೆ ಸಣ್ಣ ಮಡಿಕೆ, ಅದರ ನೆರಳು, ಎಲ್ಲಾ ಇದೆ. ಫೋಟೋ ಹಾಕಿದ್ದೀನಿ, ಬೈಯೋರು ಬೈಯಬಹುದು.

ಅಮ್ಮನಿಗೆ ತೋರಿಸಿದೆ. ‘ಇಷ್ಟೆಲ್ಲ ಕೂದಲಿದೆಯಾ ಇದಕ್ಕೆ, ಗೊತ್ತೇ ಇರಲಿಲ್ಲ ನೋಡು’ ಅಂದಳು. ಬದುವಿನ ಆ ತುದಿಯ ನಾಲ್ಕು ಗಿಡ ಮುಂದಿನ ಸೋಮವಾರದವರೆಗೆ ಕೊಯ್ಯಲ್ಲ ಅಂತಲೂ ಒಪ್ಪಿದ್ದಾಳೆ.

ಕಡಲತಡಿ
ಶುಕ್ರವಾರ, ಬೆಳಿಗ್ಗೆ 10:20

ಭಾರೀ ಲಾಯ್ಕ ಬಂದಿದೆ ಮಾರಾಯ್ರೆ!

ರೀಲ್ ಕಾಲದವ
ಶುಕ್ರವಾರ, ಬೆಳಿಗ್ಗೆ 10:41

ಚೆನ್ನಾಗಿದೆ. ಪೂರ್ತಿ ಅಳತೆಗೆ ಹಿಗ್ಗಿಸಿ ಎಡಗಡೆಯ ಹೂವಿನ ಒಳಗೆ ನೋಡಿದಿರಾ? ಕೆಳತುಟಿಯ ಬುಡದಲ್ಲಿ.

ಗದ್ದೆಬದು
ಶುಕ್ರವಾರ, ಬೆಳಿಗ್ಗೆ 10:58

ಏನದು... ಜೇಡ! ಹೂವಿನಷ್ಟೇ ಬಿಳಿ. ಮುಂಗಾಲು ಎರಡೂ ಚಾಚಿಕೊಂಡು ಕೂತಿದೆ. ಒಂದು ಗೇಣು ದೂರದಲ್ಲಿ ಹತ್ತು ನಿಮಿಷ ಬಿದ್ದುಕೊಂಡಿದ್ದೆ, ಕಾಣಲೇ ಇಲ್ಲ!

ರೀಲ್ ಕಾಲದವ
ಶುಕ್ರವಾರ, ಬೆಳಿಗ್ಗೆ 11:03

ಏಡಿಜೇಡ. ನೊಣಕ್ಕೋ ಜೇನಿಗೋ ಕಾಯ್ತಿದೆ. ಆದರೆ ಅದು ನಿಮ್ಮ ಎರಡೂವರೆ ಎಂಎಂನಿಂದ ಆಚೆ ಇದೆ, ಕಣ್ಣು ಶಾರ್ಪ್ ಇಲ್ಲ.

ಗದ್ದೆಬದು
ಶುಕ್ರವಾರ, ಬೆಳಿಗ್ಗೆ 11:06

ನಾಳೆ ಆರು ಗಂಟೆಗೆ ಮತ್ತೆ ಹೋಗ್ತೀನಿ.